ಹಿತ್ತಲ ಬಾಣಂತನ

ಬಾಣಂತನದ ವಿಷಯ ಬಂದರೆ ನಮ್ಮ ಮನೆಯವರೆಲ್ಲ ಪಂಡಿತರು. ಅಳ್ವಿ ಪಾಯಸ ಎಷ್ಟು ಗಟ್ಟಿ ಇರಬೇಕು, ಅಂಟಿನುಂಡಿಗೆ ಉತ್ತತ್ತಿ ಎಷ್ಟು ಬೀಳಬೇಕು, ಬಾಣಂತಿಯ ಕಿವಿಗೆ ಹತ್ತಿ ಎಷ್ಟು ದಿನ ಎಂಬುದರ ಮೇಲೆ ಜಹೀರಾಬಾದಿನ ನಮ್ಮ ಮನೆ, ನಾರಾಯಣಖೇಡದ ನನ್ನ ಸೋದರಮಾವನ ಮನೆ, ತಾಂಡೂರಿನ ನನ್ನ ಹೆಂಡತಿಯ ತವರುಮನೆ ಮೂರೂ ಫೋನಿನಲ್ಲೇ ಪಂಚಾಯ್ತಿ ಕೂಡುತ್ತವೆ. 1956ರಲ್ಲಿ ರಾಜ್ಯಗಳನ್ನು ಹಂಚುವಾಗ ಬೀದರ್ ಜಿಲ್ಲೆಯಿಂದ ಜಹೀರಾಬಾದ್, ನಾರಾಯಣಖೇಡಗಳನ್ನೂ ಗುಲಬರ್ಗಾ ಜಿಲ್ಲೆಯಿಂದ ತಾಂಡೂರನ್ನೂ ತೆಗೆದು ಆಂಧ್ರಕ್ಕೆ ಕೊಟ್ಟರು; 2014ರಲ್ಲಿ ಅದು ತೆಲಂಗಾಣವಾಯಿತು. ಸರ್ಕಾರಗಳು ಬದಲಾದರೂ ನಮ್ಮ ಮನೆಯ ಬಾಣಂತಿ ಖೋಲಿಯಲ್ಲಿ ಆಡಳಿತ ಭಾಷೆ ಬದಲಾಗಿಲ್ಲ. ಅಂಗಡಿಗೆ ತೆಲುಗು, ಬಸ್ ಸ್ಟ್ಯಾಂಡಿಗೆ ಉರ್ದು, ಜಗಳಕ್ಕೂ ಬಾಣಂತನಕ್ಕೂ ಕನ್ನಡ.

ಇಂಥ ಮನೆಯ ಹಿತ್ತಲಲ್ಲಿ ಒಂದು ಕಾಡುಮೊಲ, ಯಾರನ್ನೂ ಒಂದು ಮಾತು ಕೇಳದೆ, ಹೆತ್ತು ಹೋದರೆ ಏನಾಗಬೇಡ!

ಆ ಹಿತ್ತಲ ಕಥೆಯನ್ನೂ ಹೇಳಿಬಿಡುತ್ತೇನೆ. ನಮ್ಮದು ಊರಂಚಿನ ಮನೆ. ಹಿತ್ತಲ ಗೋಡೆ ಒಂದು ಕಡೆ ಬಿದ್ದಿದೆ, ಅದರಾಚೆ ತೊಗರಿ ಹೊಲ. ನೆಲಕ್ಕೆ ಪರ್ಸಿ ಹಾಸಲೆಂದು ತಾಂಡೂರಿನ ಭಾವಮೈದುನ ಒಂದು ಟ್ರ್ಯಾಕ್ಟರ್ ನೀಲಿ ಕಲ್ಲು ಕಳಿಸಿದ್ದ. ಆ ಊರಿನವರು ಬೀಗರಿಗೆ ಕೊಟ್ಟರೆ ಒಂದೋ ಕಲ್ಲು, ಇಲ್ಲ ತೊಗರಿಬೇಳೆ. 2022ರಲ್ಲಿ ತಾಂಡೂರು ತೊಗರಿಗೆ ಜಿಐ ಪಟ್ಟ ಸಿಕ್ಕ ಮೇಲೆ ನಮ್ಮ ಭಾವಮೈದುನ ಬೇಳೆಯನ್ನು ಅಳೆದು ಕೊಡುತ್ತಾನೆ. ಕಲ್ಲಿನಲ್ಲಿ ಮಾತ್ರ ಧಾರಾಳಿ. ಆ ಕಲ್ಲುಗಳನ್ನು ಗೋಡೆಗೆ ಒರಗಿಸಿ ಇಟ್ಟವನು ನಾನು. ‘ನಾಳೆ ಹಾಸೋಣ’ ಎಂದವನೂ ನಾನು. ಆ ನಾಳೆ ಬರುವಷ್ಟರಲ್ಲಿ ಗರಿಕೆ, ಉತ್ತರಾಣಿ, ಕಾಂಗ್ರೆಸ್ ಕಸ ಎಲ್ಲ ಕಲ್ಲಿನ ಎತ್ತರಕ್ಕೆ ಬೆಳೆದು ನಿಂತವು.

ಹೆಂಡತಿ ಕಸ ಕೀಳಿ ಎಂದಾಗಲೆಲ್ಲ ನಾನು ಪಕ್ಕದ ಪಸ್ತಾಪುರದ ಹೆಸರು ಹೇಳುತ್ತಿದ್ದೆ. ಅಲ್ಲಿನ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘದ ಹೆಣ್ಣುಮಕ್ಕಳು ಒಂದೇ ಹೊಲದಲ್ಲಿ ಹತ್ತಾರು ಬೆಳೆ ಬೆಳೆಯುತ್ತಾರೆ, ಬಿತ್ತದೆ ಹುಟ್ಟಿದ ಸೊಪ್ಪನ್ನೂ ಬಿಡದೆ ಪಲ್ಯ ಮಾಡುತ್ತಾರೆ, ಸಂಕ್ರಾಂತಿ ಹೊತ್ತಿಗೆ ದೇಸಿ ಬೀಜಗಳನ್ನು ಎತ್ತಿನ ಬಂಡಿಯಲ್ಲಿಟ್ಟು ಊರೂರು ಮೆರೆಸುತ್ತಾರೆ. ನಾನೂ ಅದೇ ಪಂಥದವನೆಂದು ನನ್ನ ವಾದ.

“ಅವರು ಕಸಾ ಅಡಿಗಿ ಮಾಡ್ತಾರ, ನೀವು ಕಸಾ ನೋಡ್ಕೋತ ಚಾ ಕುಡೀತೀರಿ. ಫರಕ್ ಅದ ನೋಡ್ರಿ” ಎಂದು ಅವಳ ಪ್ರತಿವಾದ.

ಎಳ್ಳಮವಾಸ್ಯೆ ಮುಗಿದಿತ್ತು. ಭಜ್ಜಿ ಉಂಡ ಭಾರ ಇನ್ನೂ ಮೈಯಿಂದ ಇಳಿದಿರಲಿಲ್ಲ. ಹಿಂದಿನ ಹೊಲದವರು ತೊಗರಿ ಕೊಯ್ದು ರಾಶಿ ಮಾಡಿ, ಕಟಗಿಯನ್ನೂ ಹೊತ್ತು ಒಯ್ದಿದ್ದರು. ಹೊಲ ಬೋಳಾದ ಮೇಲೆ ಅಡಗಲು ಜಾಗ ಬೇಕಾದ ಮೊಲಕ್ಕೆ ಸುತ್ತಮುತ್ತ ಕಂಡ ಕಾಡು ಬಹುಶಃ ನಮ್ಮದೊಂದೇ. ಒಂದು ಮುಂಜಾನೆ ಸಬ್ಬಸಿಗೆ ಮಡಿಗೆ ನೀರು ಬಿಡಲು ಹೋದ ಅವ್ವ, ತಂಬಿಗೆ ಕೈಯಲ್ಲೇ ಹಿಡಿದು ಕೂಗಿದಳು: “ಬಾರೋ ಇಲ್ಲಿ! ಮಣ್ಣಿನ ಹೆಂಟಿ ಉಸಿರಾಡ್ಲತ್ತದ!”

ಹೋಗಿ ನೋಡಿದರೆ ಎರಡು ಮರಿ. ಒಂದೊಂದೂ ಅಂಗೈಯಗಲ. ಜಹೀರಾಬಾದಿನ ಕೆಮ್ಮಣ್ಣಿನದೇ ಬಣ್ಣ, ಕೂದಲ ತುದಿಗೆ ಮಾತ್ರ ಒಂದಿಷ್ಟು ಕಪ್ಪು. ಕಿವಿಗಳನ್ನು ಬೆನ್ನಿಗೆ ಅಂಟಿಸಿ, ಕಾಲುಗಳನ್ನು ಹೊಟ್ಟೆಯಡಿ ಮಡಚಿ, ಪರ್ಸಿಯ ಬುಡದ ಸಣ್ಣ ತಗ್ಗಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಕಣ್ಣು ಪೂರ್ತಿ ತೆರೆದಿದ್ದವು. ನಾವು ಬಗ್ಗಿ ನೋಡಿದರೂ ರೆಪ್ಪೆ ಅಲುಗಲಿಲ್ಲ, ಮೀಸೆ ಅಲುಗಲಿಲ್ಲ. ಪಕ್ಕೆ ಮಾತ್ರ ಏಳುತ್ತಿತ್ತು, ಬೀಳುತ್ತಿತ್ತು.

“ಅಯ್ಯ ಶಿವನೇ, ತಬ್ಬಲಿ ಕೂಸುಗಳು” ಎಂದು ಅವ್ವ ತೀರ್ಪು ಕೊಟ್ಟಳು. ಕೂಡಲೇ ಬಾಣಂತನ ಸಮಿತಿ ರಚನೆಯಾಯಿತು. ಹೆಂಡತಿ ಹಾಲು ಬೆಚ್ಚಗೆ ಮಾಡಲು ಒಳಗೆ ಓಡಿದಳು. ಮಗಳು ನನ್ನ ಸ್ವೆಟರನ್ನು, ಅದೂ ನಾನು ಇನ್ನೂ ಹಾಕಿಕೊಳ್ಳುತ್ತಿದ್ದ ಸ್ವೆಟರನ್ನು, ರಟ್ಟಿನ ಡಬ್ಬಿಯೊಳಗೆ ಹಾಸಿದಳು. ಅವ್ವ ಅಜವಾನದ ಹೊಗೆ ಹಾಕಲು ಕೆಂಡ ಹುಡುಕಿದಳು. ಗೋಡೆಯಾಚೆಯಿಂದ ಪಕ್ಕದ ಮನೆಯ ಚಾಚಾ ಇಣುಕಿ, ತಾನು ಬಿಳಿ ಮೊಲ ಸಾಕಿದ ಕಾಲದ ಅನುಭವವನ್ನೆಲ್ಲ ಧಾರೆಯೆರೆದು, ಗಜ್ಜರಿ ಕೊಡಿ ಎಂದರು. ನಾನು ಮುಖಂಡತ್ವ ವಹಿಸಿದೆ. ಎಂದರೆ, ಸೊಂಟದ ಮೇಲೆ ಕೈ ಇಟ್ಟು ನಿಂತೆ.

ನಾರಾಯಣಖೇಡದ ಸೋದರಮಾವನಿಗೂ ಸುದ್ದಿ ಮುಟ್ಟಿತು. ಹರೆಯದಲ್ಲಿ ಬಲೆ ಹಿಡಿದು ಅಡ್ಡಾಡಿದ ಮನುಷ್ಯ. ಫೋನಿನಲ್ಲಿ ಅವರ ಮೊದಲ ಪ್ರಶ್ನೆ: “ತಾಯಿ ಎಷ್ಟ್ ತೂಕ ಇರಬಹುದೋ ತಮ್ಮಾ?” 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಕಾಡುಮೊಲವೂ ಇದೆ, ಬೇಟೆಯಾಡಿದರೂ ಅಪರಾಧ, ಹಿಡಿದು ಸಾಕಿದರೂ ಅಪರಾಧ ಎಂದು ನಾನು ಗಂಭೀರವಾಗಿ ತಿಳಿಸಿದೆ. “ನಾ ಬರೇ ತೂಕ ಕೇಳೀನಿ. ಮಸಾಲಿ ಕೇಳೀನೇನು?” ಎಂದು ಅವರು ಫೋನಿಟ್ಟರು.

ಹಾಲಿನ ಬಟ್ಟಲು ಹಿತ್ತಲ ಬಾಗಿಲು ದಾಟುವುದರೊಳಗೆ ಪರಿಚಯದ ಪಶುವೈದ್ಯರೊಬ್ಬರಿಗೆ ಫೋನ್ ಹಚ್ಚಿದ್ದೇ ಮರಿಗಳ ಪುಣ್ಯ. “ಮುಟ್ಟೀರೇನು?” ಎಂದರು. ಇಲ್ಲ ಎಂದೆ. “ಭೇಷ್. ಇನ್ನು ಏನೂ ಮಾಡಬ್ಯಾಡ್ರಿ.”

“ಏನೂ ಅಂದ್ರ?”

“ಏನೂ ಅಂದ್ರ ಏನೂ.”

ಆಮೇಲೆ ಬಿಡಿಸಿ ಹೇಳಿದರು. ಅಂಗಡಿಯ ಬಿಳಿ ಮೊಲ ಯುರೋಪಿನ ಬಿಲದ ಮೊಲದ ಸಂತತಿ. ಅದರ ಮರಿ ಕಣ್ಣು ಮುಚ್ಚಿಕೊಂಡು, ಬೋಳು ಮೈಯಲ್ಲಿ ಹುಟ್ಟುತ್ತದೆ. ನಮ್ಮ ಕಾಡುಮೊಲ ಬಿಲ ತೋಡುವುದಿಲ್ಲ. ಅದರ ಮರಿ ಕಣ್ಣು ತೆರೆದು, ತುಪ್ಪಳ ಹೊದ್ದೇ ಹುಟ್ಟುತ್ತದೆ. ತಾಯಿ ಬೇಕೆಂದೇ ದೂರ ಇರುತ್ತಾಳೆ. ಮರಿಗಳಿಗೆ ಮೈವಾಸನೆ ಕಡಿಮೆ, ತಾಯಿಗೆ ಹೆಚ್ಚು. ಅವಳು ಪಕ್ಕದಲ್ಲೇ ಕೂತರೆ ನಾಯಿ, ಮುಂಗುಸಿಗಳಿಗೆ ವಿಳಾಸ ಕೊಟ್ಟಂತೆ. ಹೊತ್ತು ಮುಳುಗಿದ ಮೇಲೆ ಒಮ್ಮೆ ಬಂದು, ಕೆಲವೇ ನಿಮಿಷ ಮೊಲೆಯೂಡಿಸಿ ಹೊರಟುಬಿಡುತ್ತಾಳೆ. ಹಾಲು ಅಷ್ಟು ಗಟ್ಟಿ, ಅಷ್ಟು ಕೊಬ್ಬು. ದಿನಕ್ಕೊಮ್ಮೆ ಕುಡಿದರೆ ಸಾಕು. ಆಕಳ ಹಾಲು ಕುಡಿಸಿದರೆ ಮರಿಯ ಹೊಟ್ಟೆ ಕೆಟ್ಟು ಸಾಯಬಹುದು. ನಾಯಿ, ಬೆಕ್ಕು ಹತ್ತಿರ ಬಿಡಬೇಡಿ, ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ, ಉಳಿದಂತೆ ನಿಮ್ಮ ಕೆಲಸ ನೀವು ನೋಡಿಕೊಳ್ಳಿ.

ಈ ವರದಿಯನ್ನು ಸಮಿತಿಯ ಮುಂದಿಟ್ಟೆ. ಅವ್ವನಿಗೆ ಆಘಾತವಾಯಿತು. “ದಿನಕ್ಕ ಒಮ್ಮಿ? ಎಣ್ಣಿ ನೀರಿಲ್ಲ, ಹೊಗಿ ಇಲ್ಲ, ಇದೆಂಥಾ ಬಾಣಂತನೋ!” ಹೆಂಡತಿ ಬಾಯಿಬಿಡಲಿಲ್ಲ. ಆದರೆ ಮಗಳು ಹುಟ್ಟಿದಾಗ ತಿಂಗಳುಗಟ್ಟಲೆ ಹೊಗೆಯಲ್ಲಿ ಕೂತು ಬಂದ ಅವಳು, ಆ ತಾಯಿಮೊಲ ಹೋದ ದಿಕ್ಕಿಗೆ ನೋಡಿದ ನೋಟದಲ್ಲಿ ಹೊಟ್ಟೆಕಿಚ್ಚು ಸ್ಪಷ್ಟವಾಗಿತ್ತು.

ಕಷ್ಟ ಶುರುವಾದದ್ದು ನನಗೆ. ಮನೆಯಲ್ಲಿ ಏನೂ ಮಾಡದಿರುವುದರಲ್ಲಿ ನಾನು ಹೆಸರು ಮಾಡಿದವನು. ನಲ್ಲಿ ಸೋರುವಾಗ, ಗ್ಯಾಸ್ ಮುಗಿದಾಗ, ಬೀಗರು ಬಂದಾಗ ನನ್ನ ನಿಷ್ಕ್ರಿಯತೆಗೆ ಮೂರೂ ಊರುಗಳಲ್ಲಿ ಸಾಕ್ಷಿಗಳಿದ್ದಾರೆ. ಆದರೆ ಏನೂ ಮಾಡಬಾರದೆಂದು ಡಾಕ್ಟರು ಬಾಯಿಬಿಟ್ಟು ಹೇಳಿದ ಗಳಿಗೆಯಿಂದ ನನ್ನ ಕೈಕಾಲು ನಿಲ್ಲದಾದವು. ಮರಿಗಳ ಸುತ್ತ ಸುಣ್ಣದ ಗೆರೆ ಎಳೆದೆ. ಗೆರೆ ಸೊಟ್ಟಗಿದೆ ಎಂದು ಅಳಿಸಿ ಮತ್ತೆ ಎಳೆದೆ. ಬಿಸಿಲು ಬಿದ್ದೀತೆಂದು ಛತ್ರಿ ನೆಟ್ಟೆ. ಗಾಳಿಗೆ ಛತ್ರಿ ಹಾರಿ ಚಾಚಾನ ಕೋಳಿಗಳ ಮೇಲೆ ಬಿತ್ತು. ಬೀದಿನಾಯಿ ಕಾಯಲು ಕುರ್ಚಿ, ಕೋಲು, ಬ್ಯಾಟರಿ ಹಿಡಿದು ಹಿತ್ತಲಲ್ಲೇ ಠಾಣೆ ಹೂಡಿದೆ.

“ಏನ್ ಮಾಡ್ಲತ್ತೀರಿ?” ಹೆಂಡತಿ ಕೇಳಿದಳು.

“ಏನೂ ಮಾಡ್ಲತ್ತಿಲ್ಲ. ಕಾಯ್ಲತ್ತೀನಿ.”

“ನೀವು ಹಿಂಗ ಕುಂತ್ರ ಅದರ ತಾಯಿ ಹ್ಯಾಂಗ ಬರಬೇಕ್ರಿ?”

ಅದು ನನಗೆ ಹೊಳೆದಿರಲಿಲ್ಲ. ಮರಿಮೊಲಕ್ಕೆ ನಾಯಿ, ಬೆಕ್ಕು, ಮುಂಗುಸಿ, ಹದ್ದು ಎಂಬ ಶತ್ರುಗಳಿರುವುದು ಸರಿ. ಆ ಪಟ್ಟಿಗೆ ಕುರ್ಚಿ ಸಮೇತ ನಾನೂ ಸೇರಿದ್ದೆ. ಗಡೀಪಾರು ಆಜ್ಞೆ ಕೂಡಲೇ ಜಾರಿಯಾಯಿತು. ಬಿದ್ದ ಗೋಡೆಯ ಕಡೆ ನಾಯಿ ನುಗ್ಗದಂತೆ ಹೆಂಡತಿಯೇ ಜಾಲಿ ಮುಳ್ಳು ಒಟ್ಟಿ, ಮೊಲ ನುಸುಳುವಷ್ಟು ಸಂದಿ ಬಿಟ್ಟಳು. ಇಡೀ ಪ್ರಕರಣದಲ್ಲಿ ನಡೆದ ಉಪಯೋಗದ ಕೆಲಸ ಅದೊಂದೇ. ಅದೂ ನನ್ನದಲ್ಲ.

“ತಾಯಿ ಬರದೇ ಹೋದ್ರ?” ಎಂದು ಅವ್ವನ ಚಿಂತೆ. ನಾನು ಸಾಹಿತ್ಯದಿಂದ ಧೈರ್ಯ ತುಂಬಲು ಹೋದೆ. ಇಲ್ಲೇ ಪಕ್ಕದ ಕಲ್ಯಾಣದ ಚಾಲುಕ್ಯ ದೊರೆ ಜಯಸಿಂಹನ ಕಾಲದಲ್ಲಿ, ಹನ್ನೊಂದನೆಯ ಶತಮಾನದಷ್ಟು ಹಿಂದೆಯೇ, ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಬಾವಿಯಲ್ಲಿ ಸಿಂಹವನ್ನೇ ಮುಳುಗಿಸಿದ ಕುಲ ಇದು, ಹೆದರಬೇಡ ಎಂದೆ. “ಸಿಂಹಾನೇ ಮುಳುಗಿಸಿದವಕ್ಕ ನಿಮ್ಮ ಛತ್ರಿ ಯಾಕ ಬೇಕಾಗಿತ್ತು?” ಎಂದಳು ಹೆಂಡತಿ.

ಮುಸ್ಸಂಜೆಗೆ ಸಮಿತಿ ಬಚ್ಚಲಮನೆಯ ಕಿಂಡಿಗೆ ಸ್ಥಳಾಂತರವಾಯಿತು. ಕಿಂಡಿ ಒಂದು, ಕಣ್ಣು ಎಂಟು. ಅವ್ವನಿಗೆ ಸ್ಟೂಲು, ಮಗಳು ತಾಯಿಯ ಸೊಂಟದ ಮೇಲೆ, ಯಜಮಾನನಾದ ನನಗೆ ಬೋರಲು ಹಾಕಿದ ಬಕೆಟ್ಟು. ದೀಪ ಆರಿಸಿದೆವು. ಕತ್ತಲಾಗುತ್ತಿದ್ದಂತೆ ಮಗಳು “ಬಂತು” ಎಂದು ಪಿಸುಗುಟ್ಟಿದಳು. ನಾನು ಮುಂಗಾಲ ಮೇಲೆ ನಿಂತೆ. ಬಕೆಟ್ಟಿಗೆ ನನ್ನ ಭಾರದ ಬಗ್ಗೆ ಬೇರೆಯೇ ಅಭಿಪ್ರಾಯವಿತ್ತು.

ಬಿದ್ದ ಸದ್ದಿಗೆ ಮೊಲ ಗೋಡೆ ದಾಟಿ ಪರಾರಿ. ಅಂದು ರಾತ್ರಿ ನನಗೆ ಬಡಿಸಿದ ಸಾರಿನಲ್ಲಿ ಉಪ್ಪಿರಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ನಾವೆಲ್ಲ ಮಲಗಿದ ಮೇಲೆ ಆ ತಾಯಿ ಬಂದು ಹೋಗಿರಬೇಕು. ಬೆಳಿಗ್ಗೆ ಮರಿಗಳು ಹೊಟ್ಟೆ ಉಬ್ಬಿಸಿಕೊಂಡು ತಮ್ಮ ತಗ್ಗಿನಲ್ಲೇ ಕೂತಿದ್ದವು. ಮರುಸಂಜೆಯ ಪ್ರದರ್ಶನಕ್ಕೆ ನನಗೆ ಪ್ರವೇಶವಿರಲಿಲ್ಲ, ಹಾಗಾಗಿ ಮುಂದಿನದು ಕೇಳಿ ಬರೆದದ್ದು. ತಾಯಿ ಮುಳ್ಳಿನ ಸಂದಿಯಲ್ಲಿ ನುಸುಳಿ ಬಂದಳಂತೆ. ಕುತ್ತಿಗೆಯ ಹಿಂದೆ ಕರೀ ಮಚ್ಚೆ. ನಮ್ಮ ದಖ್ಖನಿನ ಕಾಡುಮೊಲದ ಗುರುತೇ ಅದು. ನೇರ ಮರಿಗಳ ಹತ್ತಿರ ಹೋಗಲಿಲ್ಲವಂತೆ. ಬಂದ ಹೆಜ್ಜೆಯಲ್ಲೇ ಸ್ವಲ್ಪ ಹಿಂದಕ್ಕೆ ಹೋಗಿ, ಅಲ್ಲಿಂದ ಒಮ್ಮೆಗೇ ಪಕ್ಕಕ್ಕೆ ಜಿಗಿದಳಂತೆ. ಮೂಸಿಕೊಂಡು ಬರುವವನಿಗೆ ಜಾಡು ಅಲ್ಲಿಗೇ ತುಂಡಾಗಲಿ ಎಂಬ ಉಪಾಯ. ಮರಿಗಳು ಹೊಟ್ಟೆಯಡಿ ನುಗ್ಗಿದವು, ಅವಳು ಕಿವಿ ನಿಗುರಿಸಿ ಕೂತಳು, ಅವ್ವ ಒಂದು ಸಲ ಸೆರಗು ಸರಿಮಾಡಿಕೊಂಡು ನೋಡುವಷ್ಟರಲ್ಲಿ ಎದ್ದು ಹೋಗಿದ್ದಳು.

“ಅವಸರದಾಕಿ ಇದ್ದಾಳ. ಆದ್ರ ಕೂಸುಗಳು ತುಂಬ್ಕೊಂಡಾವ” ಎಂದು ಅವ್ವ ಒಪ್ಪಿಗೆ ಕೊಟ್ಟಳು. ಅಜವಾನದ ಡಬ್ಬಿ ಮತ್ತೆ ಮಾಡಿಗೆ ಏರಿತು.

ಆ ವಾರವೇ ತಾಂಡೂರಿನ ಭಾವಮೈದುನ ಗೌಂಡಿಯನ್ನು ಕರೆದುಕೊಂಡು ಇಳಿದ. ಪರ್ಸಿ ಹಾಸಿಯೇ ಹೋಗುವುದೆಂದು ಅಕ್ಕನಿಗೆ ಮಾತು ಕೊಟ್ಟಿದ್ದನಂತೆ. ಕೆಲಸ ಮುಂದೂಡಲು ನನ್ನ ಕೈಗೆ ಕಾನೂನುಬದ್ಧ ಕಾರಣ ಸಿಕ್ಕಿದ್ದು ಜೀವಮಾನದಲ್ಲಿ ಅದೇ ಮೊದಲು. ಬಾಗಿಲಿಗೆ ಅಡ್ಡ ನಿಂತು ಕಾಯ್ದೆಯ ಇಸವಿ ಸಮೇತ ಭಾಷಣ ಮಾಡಿದೆ. ಗೌಂಡಿ ತಲೆದೂಗಿದ, ಅಂದಿನ ಕೂಲಿ ಇಸಿದುಕೊಂಡ, ಚಹಾ ಕುಡಿದು ಹೋದ. ಭಾವಮೈದುನ ಕೇಳಿದ್ದು ಒಂದೇ ಮಾತು: “ಮೊಲ ಇರಲಾರದಾಗ ಏನ್ ಕಾರಣ ಹೇಳ್ತಿದ್ರಿ?”

ಮರಿಗಳು ಮೊದಲು ಬೇರೆ ಬೇರೆ ಕಡೆ ಕೂಡತೊಡಗಿದವು, ಒಂದು ಕಲ್ಲಿನ ಬುಡದಲ್ಲಿ, ಇನ್ನೊಂದು ಉತ್ತರಾಣಿಯ ಮರೆಯಲ್ಲಿ. ಆಮೇಲೆ ಗರಿಕೆ ಕಚ್ಚಿದವು. ಅವ್ವನ ಸಬ್ಬಸಿಗೆಯನ್ನೂ ಕಚ್ಚಿದವು. ಮೊಮ್ಮಕ್ಕಳೆಂದು ಅವಳು ಸುಮ್ಮನಿದ್ದಳು. ಒಂದು ದಿನ ಎರಡೂ ಇರಲಿಲ್ಲ. ನಾಯಿ ಬಂದ ಗುರುತಿಲ್ಲ, ರಕ್ತವಿಲ್ಲ, ತುಪ್ಪಳವಿಲ್ಲ, ಬೆಳೆದವು, ಹೋದವು. ಮಗಳು ಅತ್ತಳು. “ಎಳ್ಳಮಾಸಿಗಿ ಚರಗ ಚೆಲ್ತೀವಲ್ಲ, ಯಾರ್ ತಿಂದ್ರು ಅಂತ ಹಿಂದಿಂದ ಕೇಳ್ಕೋತ ಹೋಗ್ತೀವೇನು?” ಎಂದು ಅವ್ವ ಅವಳನ್ನು ಸಮಾಧಾನ ಮಾಡಿದಳು.

ನಾನು ಮಾತ್ರ ಅಷ್ಟಕ್ಕೆ ಬಿಡುವವನಲ್ಲ. ಆ ಮೊಲ ಮತ್ತೆ ಬಸಿರಾಗಬಹುದು, ಹೆರಿಗೆಗೆ ಇಲ್ಲಿಗೇ ಬರಬಹುದು, ಆದ್ದರಿಂದ ಹಿತ್ತಲ ಒಂದು ಹುಲ್ಲುಕಡ್ಡಿಯನ್ನೂ ಮುಟ್ಟುವಂತಿಲ್ಲ, ಕಾಯ್ದೆ ಇದೆ ಎಂದು ಚಹಾ ಹೀರುತ್ತ ಘೋಷಿಸಿದೆ.

ಹೆಂಡತಿ ಒಳಗಿನಿಂದ ಕುರಪಿ ತಂದು ನನ್ನ ಮುಂದಿಟ್ಟಳು. “ಕಾಯ್ದೇದಾಗ ಮೊಲದ ಹೆಸರದ. ನಿಮ್ಮ ಹೆಸರಿಲ್ಲ. ಏಳ್ರಿ.”