ಅಳಿಯ ಅಳೆದ ಹಂದಿ

ಯುರೋಪಿನಲ್ಲಿ ಹಂದಿಗೆ ಸತ್ತ ಮೇಲೂ ಪರೀಕ್ಷೆ ತಪ್ಪಿದ್ದಲ್ಲ. ಕಸಾಯಿಖಾನೆಯಲ್ಲಿ ನೇತುಹಾಕಿದ ಹಂದಿಯ ಬೆನ್ನಿಗೆ ಪಿಸ್ತೂಲಿನ ಆಕಾರದ ಯಂತ್ರದಿಂದ ಸೂಜಿ ಚುಚ್ಚುತ್ತಾರೆ. ಸೂಜಿಯೊಳಗಿನ ಬೆಳಕನ್ನು ಕೊಬ್ಬು ಹೆಚ್ಚು ಪ್ರತಿಫಲಿಸುತ್ತದೆ, ಮಾಂಸ ಕಡಿಮೆ. ಅದರಿಂದ ಎರಡರ ದಪ್ಪವೂ ತಿಳಿಯುತ್ತದೆ. ದಪ್ಪವನ್ನು ಸೂತ್ರಕ್ಕೆ ಹಾಕಿದರೆ ಇಡೀ ಹಂದಿಯಲ್ಲಿ ಕೊಬ್ಬಿಲ್ಲದ ಮಾಂಸ ಶೇಕಡಾ ಎಷ್ಟೆಂಬ ಅಂಕ ಬರುತ್ತದೆ. 60 ಮುಟ್ಟಿದರೆ ‘ಎಸ್’ ದರ್ಜೆ, 55 ಮುಟ್ಟಿದರೆ ‘ಇ’, ಹೀಗೆ ಐದೈದು ಅಂಕ ಇಳಿಯುತ್ತಾ 40 ಮುಟ್ಟದ ದಡ್ಡ ಹಂದಿಗೆ ‘ಪಿ’.

ಇಷ್ಟೆಲ್ಲ ಓದಿಕೊಂಡವನು ಕೊಡಗಿನ ಮನೆಗೆ ಅಳಿಯನಾಗಬಾರದು. ನಾನಾಗಿದ್ದೇನೆ.

ಕೈಲ್ ಮುಹೂರ್ತದ ಹಬ್ಬದ ದಿನ ಬೆಳಿಗ್ಗೆ ಮಾವ, “ಹಂದಿ ಮಾಂಸ ತಂದುಬಿಡಿ, ಚೆನ್ನಾಗಿರೋದು ನೋಡಿ” ಎಂದರು. ನಾನು ಅತ್ತೆಯ ಸ್ವೆಟರ್ ಹೆಣೆಯುವ ಕಡ್ಡಿ, ಮಗಳ ಸ್ಟೀಲ್ ಸ್ಕೇಲು ಎರಡನ್ನೂ ಜೇಬಿಗಿಳಿಸಿದೆ. ಸ್ಕೇಲಿಗೆ ಇತಿಹಾಸದ ಬೆಂಬಲವಿತ್ತು. 1952ರಲ್ಲಿ ಅಮೆರಿಕದ ಹೇಜೆಲ್ ಮತ್ತು ಕ್ಲೈನ್ ಎಂಬ ವಿಜ್ಞಾನಿಗಳು ಜೀವಂತ ಹಂದಿಯ ಬೆನ್ನಿನ ಚರ್ಮವನ್ನು ಚೂರು ಸೀಳಿ, ಲೋಹದ ಸ್ಕೇಲು ಇಳಿಸಿ ಕೊಬ್ಬಿನ ದಪ್ಪ ಅಳೆದಿದ್ದರು. ಅವರ ಹಂದಿ ಎಷ್ಟು ಒದ್ದಾಡಿತೋ ಏನೋ. ನನ್ನದು ಸತ್ತಿತ್ತು, ಒದ್ದಾಡಿದ್ದು ನಾನು.

ಬ್ರಿಟನ್ನಿನ ಕ್ರಮದಲ್ಲಿ ಅಳೆಯಬೇಕಾದ ಜಾಗ ಕೊನೆಯ ಪಕ್ಕೆಲುಬಿನ ನೇರಕ್ಕೆ, ಬೆನ್ನಿನ ನಡುಗೆರೆಯಿಂದ 65 ಮಿಲಿಮೀಟರ್ ಪಕ್ಕಕ್ಕೆ. ಅಂಗಡಿಯಲ್ಲಿ ಮರದ ದಿಮ್ಮಿಯ ಮೇಲೆ ಅರ್ಧ ಖರ್ಚಾದ ಹಂದಿ ಬಿದ್ದಿತ್ತು.

“ಕೊನೇ ಪಕ್ಕೆಲುಬು ಯಾವುದಪ್ಪಾ?”

“ಅದು ಏಳು ಗಂಟೆಗೇ ಹೋಯ್ತಲ್ಲ ಸಾರ್.”

ಬೆನ್ನೆಲುಬನ್ನು ನಡುವೆ ಸೀಳಿ, ಸೊಂಟದ ಸ್ನಾಯುವಿನ ಬಳಿ ಬರೀ ಸ್ಕೇಲಿಟ್ಟು ಎರಡು ಕಡೆ ಅಳೆಯುವ ಇನ್ನೊಂದು ಕ್ರಮವೂ ಯುರೋಪಿನಲ್ಲಿದೆ. ಆ ಸೊಂಟವೂ ಆಗಲೇ ಯಾರದೋ ಸ್ಕೂಟರ್ ಏರಿತ್ತು. ಉಳಿದದ್ದು ತೊಡೆ. ಕೂದಲು ಸುಟ್ಟು ಹೆರೆದ ಚರ್ಮದ ಮೇಲೆ ಕಡ್ಡಿಯೂರಿ ಒತ್ತಿದೆ. ಕಡ್ಡಿ ಬಿಲ್ಲಿನ ಹಾಗೆ ಬಾಗಿತೇ ಹೊರತು ಒಳಗಿಳಿಯಲಿಲ್ಲ.

ಹಿಂದೆ ನಿಂತಿದ್ದ ಹಿರಿಯರು ಕುತ್ತಿಗೆ ಚಾಚಿ, “ಡಾಕ್ಟ್ರು ಸಾರ್ ನೀವು? ಸತ್ತ ಮೇಲೆ ಯಾಕೆ ಇಂಜೆಕ್ಷನ್ನು?” ಎಂದು ಕೇಳಿದರು. ಸಾಲು ಪೂರ್ತಿ ನಕ್ಕಿತು. ಕಡಿಯುವವನು ಮಾತ್ರ ನಗಲಿಲ್ಲ. ಅವನ ಕೈಯಲ್ಲಿ ಮಚ್ಚಿತ್ತು, ವ್ಯಾಪಾರ ನಿಂತಿತ್ತು. ಕಣ್ಣಿಗೆ ಕೆಂಪಗೆ ಕಂಡ ತುಂಡುಗಳನ್ನೇ ತೋರಿಸಿ, ಬಿಳಿಯ ಭಾಗವನ್ನೆಲ್ಲ ತೆಗೆಸಿ, ಕಟ್ಟಿಸಿಕೊಂಡು ಬಂದೆ. ತೆಗೆಸಿದ ಕೊಬ್ಬನ್ನು ಹಿಂದಿನವರು ನಗುನಗುತ್ತಾ ತಮ್ಮ ಚೀಲಕ್ಕೆ ಹಾಕಿಸಿಕೊಂಡರು. ನನಗೆ ಅವರ ಬಗ್ಗೆ ಕನಿಕರವಾಯಿತು.

ಮನೆಯಲ್ಲಿ ಕೊನೆಯ ಪರೀಕ್ಷೆ ಬಕೆಟ್ಟಿನದು. ಕೊಬ್ಬು ನೀರಿಗಿಂತ ಹಗುರ, ತೇಲುತ್ತದೆ. ಮಾಂಸ ನೀರಿಗಿಂತ ಭಾರ, ಮುಳುಗುತ್ತದೆ. ಒಂದೊಂದೇ ತುಂಡು ಬಿಟ್ಟೆ. ಎಲ್ಲವೂ ಗುಳುಂ ಎಂದು ತಳ ಸೇರಿದವು. ‘ಎಸ್’ ದರ್ಜೆ! ಎಲುಬು ಇನ್ನೂ ಚೆನ್ನಾಗಿ ಮುಳುಗುತ್ತದೆ ಎನ್ನುವುದು ಆಗ ಹೊಳೆಯಲೇ ಇಲ್ಲ.

“ಮಾಂಸ ತೊಳೆಯೋದಕ್ಕೆ ಇಷ್ಟು ಹೊತ್ತಾ?” ಎಂದು ಅತ್ತೆ ಒಳಗಿನಿಂದಲೇ ಕೂಗಿದರು.

ಪಂದಿಕರಿ, ಅಂದರೆ ಕೊಡಗಿನ ಹಂದಿ ಸಾರು, ಮಾಡುವವರಿಗೆ ಹೇಳಬೇಕಾಗಿಲ್ಲ, ನನ್ನಂಥವರಿಗೆ ಹೇಳಬೇಕು. ಅದರಲ್ಲಿ ಹಂದಿ ಬೇಯುವುದೇ ತನ್ನ ಕೊಬ್ಬಿನಲ್ಲಿ. ಕಪ್ಪಗೆ ಹುರಿದು ಪುಡಿ ಮಾಡಿದ ಮಸಾಲೆ ಆ ಜಿಡ್ಡನ್ನು ಹಿಡಿದುಕೊಳ್ಳುತ್ತದೆ. ಕೊನೆಗೆ ಬೀಳುವ ಕಾಚಂಪುಳಿಯ ಹುಳಿ ಜಿಡ್ಡನ್ನು ಮುರಿಯುತ್ತದೆ. ಮುರಿಯಲು ಏನೂ ಇಲ್ಲದಿದ್ದರೆ ಹುಳಿ ನೇರ ಹಲ್ಲಿಗೇ ಬರುತ್ತದೆ. ಅವತ್ತು ಬಂತು. ಮಾವ ಕಡಂಬುಟ್ಟು ಎಂಬ ಅಕ್ಕಿ ಕಡುಬನ್ನು ಮುರಿದು ಸಾರಿಗೆ ಅದ್ದಿ, ಒಂದು ತುಂಡನ್ನು ಬಹಳ ಹೊತ್ತು ಅಗಿದರು.

“ಈ ಹಂದಿಗೆ ಏನು ಕಾಯಿಲೆಯಿತ್ತು?”

ಅಳೆದ ವಿಷಯ ಹೇಳಿದೆ. ಅಂಕ ಜಾಸ್ತಿ ಬಂದರೆ ಯುರೋಪಿನ ರೈತನಿಗೆ ಸಾಮಾನ್ಯವಾಗಿ ಬೆಲೆಯೂ ಜಾಸ್ತಿ ಎಂದೂ ಸೇರಿಸಿದೆ. “ಹಾಗಾದ್ರೆ ಪಿ ಸಿಕ್ಕಿದ ಹಂದಿ ಯಾವ ಊರಲ್ಲಿ ಮಾರ್ತಾರೆ, ವಿಚಾರಿಸಿ” ಎಂದರು.

ಅಳತೆ ಸುಳ್ಳಲ್ಲ. ಒಂದು ಸೂತ್ರಕ್ಕೆ ಒಪ್ಪಿಗೆ ಸಿಗಬೇಕಾದರೆ ಆ ದೇಶದ ಕನಿಷ್ಠ 120 ಹಂದಿಗಳ ಮೇಲೆ ಪರೀಕ್ಷೆ ಮಾಡಿ ತೋರಿಸಬೇಕೆಂದು ಯುರೋಪಿನ ನಿಯಮವಿದೆ. ನಾನು ಪರೀಕ್ಷಿಸಿದ್ದು ಒಂದು ತೊಡೆ. ಅದೂ ಅಲ್ಲದೆ ಆ ಅಳತೆ ಹುಡುಕುವುದು ಕೊಬ್ಬಿಲ್ಲದ ಮಾಂಸವನ್ನು, ಪಂದಿಕರಿಗೆ ಬೇಕಾದದ್ದು ಕೊಬ್ಬು. ಆದ್ದರಿಂದ ಪಂದಿಕರಿಗೆ ಮಾಂಸ ತರಲು ಹೊರಟವರು ಚರ್ಮ, ಕೊಬ್ಬು, ಮಾಂಸ ಮೂರೂ ಅಂಟಿಕೊಂಡಿರುವ ತುಂಡನ್ನೇ ಕೇಳಿ. ನಿಮ್ಮ ಮುಂದೆ ಯಾರಾದರೂ ಸ್ಕೇಲು ಹಿಡಿದು ನಿಂತಿದ್ದರೆ ಅವರು ಬಿಟ್ಟದ್ದನ್ನೂ ಕಟ್ಟಿಸಿಕೊಳ್ಳಿ.