ಒಂದು ಹಕಾರದ ಹಿಂದೆ

‘ಕವಿಯ ಕಣ್ಣಿಗೆ ಗದ್ದೆಯೂ ಅಸುರು, ಆಕಾಶವೂ ಅಸುರು. ಕೊನೆಗೆ ಕವಿಯ ಆತ್ಮವೂ ಅಸುರಾಯಿತು.’

ಹತ್ತನೇ ಕ್ಲಾಸಿನ ಹುಡುಗನೊಬ್ಬ ಪ್ರಿಪರೇಟರಿಯಲ್ಲಿ ಬರೆದ ಉತ್ತರ ಇದು. ಕುವೆಂಪು ಅವರ ‘ಹಸುರು’ ಪದ್ಯದ ಸಾರಾಂಶ. ಸಾರಾಂಶದಲ್ಲಿ ತಪ್ಪೇನೂ ಇಲ್ಲ. ಒಂದು ಹಕಾರ ಬಿದ್ದುಹೋಗಿ ಮಲೆನಾಡಿನ ತುಂಬ ರಾಕ್ಷಸರು ಓಡಾಡುತ್ತಿದ್ದರು, ಅಷ್ಟೆ. ಕೆಂಪು ಪೆನ್ನು ಹಿಡಿದು ಸ್ವಲ್ಪ ಹೊತ್ತು ನಕ್ಕೆ, ಆಮೇಲೆ ಅರ್ಧ ಅಂಕ ಕಳೆದೆ.

ಬೆಂಗಳೂರಿನ ವಿಜಯನಗರಕ್ಕೂ ಬಸವೇಶ್ವರನಗರಕ್ಕೂ ನಡುವೆ ಇರುವ ಒಂದು ಹೈಸ್ಕೂಲಿನಲ್ಲಿ ನಾನು 19 ವರ್ಷದಿಂದ ಕನ್ನಡ ಮಿಸ್ಸು. ಈ 19 ವರ್ಷವೂ ಒಂದೇ ಅಕ್ಷರದ ಹಿಂದೆ ಓಡಿದ್ದೇನೆ, ಅದು ಕೈಗೆ ಸಿಕ್ಕಿಲ್ಲ. ಬೇಂದ್ರೆಯವರು ಹಾರಲು ಬಿಟ್ಟ ಹಕ್ಕಿ ನಮ್ಮ ಕ್ಲಾಸಿನಲ್ಲಿ ಚಾಪೆಯ ಮೇಲೆ ಹರಡಿದ ಅಕ್ಕಿಯ ಹಾಗೆ ‘ಆರುತ್ತದೆ’. ಎ.ಎನ್. ಮೂರ್ತಿರಾಯರ ‘ವ್ಯಾಘ್ರಗೀತೆ’ಯಲ್ಲಿ ಶಾನುಭೋಗರ ಬೆನ್ನು ಹತ್ತುವುದು ಹುಲಿಯಲ್ಲ, ‘ಉಲಿ’. ಪಾಠದ ಹೆಸರಿನಲ್ಲೇ ಗೀತೆ ಇರುವುದರಿಂದ ಹಿಂದಿನಿಂದ ಉಲಿ ಕೇಳಿಸಿದರೆ ತಪ್ಪೇನು ಎಂದು ಒಮ್ಮೊಮ್ಮೆ ನನಗೂ ಅನ್ನಿಸುತ್ತದೆ.

ಟ್ರೇನಿಂಗಿನಲ್ಲಿ ಕಲಿತ ಉಪಾಯವನ್ನೂ ಮಾಡಿ ನೋಡಿದೆ. ನೋಟ್‌ಬುಕ್ಕಿನ ಹಾಳೆ ಹರಿದು, ಬೆರಳಗಲದ ಚೀಟಿ ಮಾಡಿ, ಎಲ್ಲರ ಕೈಗೂ ಕೊಟ್ಟೆ. ತುಟಿಯ ಮುಂದೆ ಹಿಡಿದು ‘ಅ’ ಅನ್ನಿ, ಚೀಟಿ ಅಲ್ಲಾಡಬಾರದು. ‘ಹ’ ಅನ್ನಿ, ಅಲ್ಲಾಡಬೇಕು. ಮೊದಲ ಬೆಂಚಿನವರು ಭಕ್ತಿಯಿಂದ ಮಾಡಿದರು. ನಡುವಿನವರು ಊದಿದರು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, “ಮಿಸ್, ನಾನು ಸುಮ್ನೆ ಕೂತಿದ್ರೂ ಅಲ್ಲಾಡ್ತಿದೆ” ಅಂದ. ಅವನ ನೆತ್ತಿಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಫ್ಯಾನ್ ಆಫ್ ಮಾಡಿಸಿದೆ. ಮಾರ್ಚ್ ತಿಂಗಳು, 52 ಮಕ್ಕಳು. ಹಕಾರದ ಬದಲು ಹಾಹಾಕಾರ ಎದ್ದಿತು.

ಇದರ ಪರಿಣಾಮ ಆಗಲಿಲ್ಲವೆಂದಲ್ಲ, ಆಯಿತು. ಒಂದು ವಾರ ಮಕ್ಕಳು ಕಂಡಕಂಡಲ್ಲಿ ಹಕಾರ ಹಚ್ಚತೊಡಗಿದರು. ಅರಸ ‘ಹರಸ’ನಾದ, ಆನೆ ‘ಹಾನೆ’ಯಾಯಿತು. ಪತ್ರಲೇಖನದಲ್ಲಿ ತೀರ್ಥರೂಪು ತಂದೆಯವರು ಮಗನಿಗೆ ‘ಹಾಶೀರ್ವಾದ’ ಮಾಡಿದರು. ಅದೇ ವಾರ ವಾರ್ಷಿಕೋತ್ಸವ ಬೇರೆ. ಸ್ವಾಗತ ಭಾಷಣ ಮಾಡಬೇಕಿದ್ದ ಹುಡುಗಿ ತಾನೇ ಬರೆದುಕೊಂಡು ಬಂದ ಹಾಳೆಯಲ್ಲಿ, ಮುಖ್ಯ ಅತಿಥಿಗಳನ್ನು ‘ಆದರದಿಂದ’ ಸ್ವಾಗತಿಸುವ ಜಾಗಕ್ಕೂ ಒಂದು ಹಕಾರ ಬಿದ್ದಿತ್ತು. ಆಗುವ ಅರ್ಥವನ್ನು ಇಲ್ಲಿ ಬರೆಯುವುದು ಬೇಡ, ಕನ್ನಡ ಬಲ್ಲವರಿಗೆ ಗೊತ್ತು. ಸ್ಟಾಫ್ ರೂಮಿನಲ್ಲಿ ಪಿ.ಟಿ. ಸಾರ್ ಹೊರಗೆ ಹೋಗುವ ತನಕ ತಡೆದುಕೊಂಡು, ಆಮೇಲೆ ನಾವು ನಾಲ್ವರು ಹೆಂಗಸರು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಪದ ಹೊಡೆದುಹಾಕಿ ‘ಪ್ರೀತಿಯಿಂದ’ ಅಂತ ತಿದ್ದಿದೆ. ಪ್ರೀತಿಯಲ್ಲಿ ಹಕಾರ ಸೇರಿಸುವ ಜಾಗವಿಲ್ಲ.

ಪತ್ರಲೇಖನದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಪ್ರವಾಸಕ್ಕೆ ದುಡ್ಡು ಕೇಳಿ ತಂದೆಗೆ ಪತ್ರ ಬರೆಯಿರಿ ಅಂದಿದ್ದೆ. “ಮಿಸ್, ನಮ್ಮಪ್ಪ ಮನೇಲೇ ಇರ್ತಾರೆ” ಅಂದ ಒಬ್ಬ. ಬೇರೆ ಊರಲ್ಲಿದ್ದಾರೆ ಅಂದುಕೊಂಡು ಬರಿಯೋ ಅಂದೆ. ಬರೆದ. ‘ತೀರ್ಥರೂಪು ತಂದೆಯವರೇ, ನೀವು ಯಾಕೆ ಮನೆ ಬಿಟ್ಟು ಹೋದಿರಿ? ಅಮ್ಮ ಅಳುತ್ತಿದ್ದಾಳೆ. ಪ್ರವಾಸದ ವಿಷಯ ಆಮೇಲೆ ಮಾತಾಡೋಣ, ಮೊದಲು ಬನ್ನಿ.’ ಐದಕ್ಕೆ ಐದು ಕೊಟ್ಟೆ. ಅವನಪ್ಪ ಕಾಮಾಕ್ಷಿಪಾಳ್ಯದಲ್ಲಿ ಲೇತ್ ನಡೆಸುತ್ತಾರೆ, ಪೇರೆಂಟ್ಸ್ ಮೀಟಿಂಗಿಗೆ ಬಂದಾಗ ಓದಿ, “ನಾನೆಲ್ಲಿಗೂ ಓಗಿಲ್ಲ ಮೇಡಂ” ಅಂದರು. ಹುಡುಗನ ಹಕಾರ ಎಲ್ಲಿ ಕಳೆದುಹೋಯಿತು ಅನ್ನುವುದೂ ಆಗಲೇ ಗೊತ್ತಾಯಿತು.

ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದ ಐದು ವಿಷಯಕ್ಕೆ ನೂರು ನೂರು. ಆದ್ದರಿಂದ ಎಚ್ಚೆಮ್ಮರಿಗೆ ನನ್ನ ಮೇಲೆ ಕಾಲುಭಾಗ ಹೆಚ್ಚು ಕಣ್ಣು. ಮಕ್ಕಳಿಗೆ ಮಾತ್ರ ಕನ್ನಡವೆಂದರೆ ಹೇಗೂ ಬರುತ್ತದೆ ಅನ್ನುವ ಧೈರ್ಯ. ಗಣಿತಕ್ಕೆ ಟ್ಯೂಷನ್, ವಿಜ್ಞಾನಕ್ಕೆ ಟ್ಯೂಷನ್, ಕನ್ನಡಕ್ಕೆ ಪರೀಕ್ಷೆಯ ಹಿಂದಿನ ರಾತ್ರಿ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಆದ ಮೇಲಂತೂ ನನ್ನ ಗದರಿಕೆಯ ಹಲ್ಲೇ ಕಿತ್ತಂತಾಗಿದೆ. “ಎಕ್ಸಾಮ್ ಟೂ ಇದೆಯಲ್ಲ ಮಿಸ್.”

ಹಳೆಗನ್ನಡ ಪಾಠ ಮಾಡುವಾಗ ಒಂದು ದಿನ ನಾನಾಗಿಯೇ ಸಿಕ್ಕಿಬಿದ್ದೆ. ರನ್ನನ ಕಾಲಕ್ಕೆ, ಅಂದರೆ 10ನೇ ಶತಮಾನದಲ್ಲಿ, ಹಾಲು ‘ಪಾಲ್’ ಆಗಿತ್ತು, ಹುಲಿ ‘ಪುಲಿ’ ಆಗಿತ್ತು, ಹಸುರು ‘ಪಸುರ್’. ನಾಲಗೆ ಬದಲಾಗುತ್ತಾ ಬಂದು ನಡುಗನ್ನಡದಲ್ಲಿ ಪಕಾರ ಹಕಾರವಾಯಿತು ಎಂದು ಬೋರ್ಡಿನ ಮೇಲೆ ಎರಡು ಸಾಲು ಬರೆದೆ. ಕಿಟಕಿ ಪಕ್ಕದ ಹುಡುಗಿ, “ನಮ್ಮನೇಲಿ ಈಗಲೂ ಪಾಲ್ ಅಂತಾರೆ ಮಿಸ್” ಅಂದಳು. ಮನೆಮಾತು ತಮಿಳು, ಮನೆ ಶ್ರೀರಾಂಪುರದ ಕಡೆ. ಅಷ್ಟರಲ್ಲಿ ‘ಅಸುರು’ ಬರೆದವನು ಎದ್ದುನಿಂತ.

“ಮಿಸ್, ಪುಲಿ ಅನ್ನೋದನ್ನ ಹುಲಿ ಅಂತ ಮೊದಲು ಅಂದ್ರಲ್ಲ, ಅವರಿಗೆ ಅರ್ಧ ಮಾರ್ಕ್ಸ್ ಯಾರು ಕಟ್ ಮಾಡಿದ್ರು?”

ಏನು ಹೇಳುವುದು? ಪುಲಿ, ಹುಲಿ, ಉಲಿ. ಸಾವಿರ ವರ್ಷದ ಕನ್ನಡ ಒಂದೇ ಕೋಣೆಯಲ್ಲಿ, ಮೂರು ಬೆಂಚಿನ ಮೇಲೆ ಕೂತಿತ್ತು. ವ್ಯಾಕರಣ ಬರೆದ ಕೇಶಿರಾಜನಿಗೂ ಇಂಥ ಒಬ್ಬ ಶಿಷ್ಯನಿದ್ದನೇನೋ. “ಕೂತ್ಕೊಳೋ, ಪೋರ್ಷನ್ ಮುಗೀಬೇಕು” ಅಂದೆ. ಮೇಷ್ಟರುಗಳಿಗೆ ಉತ್ತರ ಹೊಳೆಯದಿದ್ದಾಗ ಪೋರ್ಷನ್ ನೆನಪಾಗುತ್ತದೆ.

ನಿಜ ಹೇಳಬೇಕೆಂದರೆ ನಾನೂ ಮಾಗಡಿ ಕಡೆಯವಳು. ಅಮ್ಮ ಇವತ್ತಿಗೂ ಫೋನಿನಲ್ಲಿ ಮೊದಲು ಕೇಳುವುದು “ಉಸಾರಾ ಕಣವ್ವಾ?” ಅಂತ. ಅಮ್ಮನ ಅರ್ಧ ಅಂಕ ಕಳೆಯುವ ಯೋಚನೆ ಬಂದೇ ಇಲ್ಲ. ನನ್ನದೇ ಕಾಗುಣಿತ ಈಚೆಗೆ ನೆಟ್ಟಗಿಲ್ಲ. ಇಷ್ಟು ವರ್ಷ ತಪ್ಪು ಓದೀ ಓದೀ ಸರಿಯಾವುದೆಂದು ಅನುಮಾನ ಬರುತ್ತದೆ. ಹೋದ ತಿಂಗಳು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ‘ಉಚ್ಛಾರಣೆ’ ಎಂದು ಬರೆದೆ. ಚಕಾರದ ಒತ್ತಿಗೆ ಬೇಡದ ಮಹಾಪ್ರಾಣ. ಹಿಂದಿನಿಂದ ಮೆಲ್ಲಗೆ ಕೇಳಿಸಿತು: “ಆಫ್ ಮಾರ್ಕ್ ಮಿಸ್.”

ನನಗೆ ಒಬ್ಬ ಸಹಾಯಕಿ ಸಿಕ್ಕಿದ್ದು ಮೆಟ್ರೊದಲ್ಲಿ. 2021ರಲ್ಲಿ ಕೆಂಗೇರಿಗೆ ನೇರಳೆ ಮಾರ್ಗ ಬಂದ ಮೇಲೆ, ವೃಷಭಾವತಿಯ ವಾಸನೆ ಕುಡಿಯುತ್ತಾ ಮೈಸೂರು ರಸ್ತೆಯಲ್ಲಿ ಬಸ್ಸಿಗೆ ಜೋತುಬೀಳುವುದು ತಪ್ಪಿತು. ಸೀಟು ಸಿಕ್ಕರೆ ಪೇಪರ್ ತಿದ್ದುತ್ತೇನೆ. ಮೇಲಿನಿಂದ ನಿರೂಪಕಿ ಅಪರ್ಣಾ ಅವರ ಮುದ್ರಿತ ದನಿ ಬರುತ್ತದೆ. ನಾಯಂಡಹಳ್ಳಿ, ಜ್ಞಾನಭಾರತಿ, ಒಂದು ಅಕ್ಷರವೂ ನಲುಗದೆ. ಅವರು 2024ರ ಜುಲೈ 11ರಂದು ತೀರಿಕೊಂಡರು. ಮಾರನೆಯ ದಿನವೂ ಅದೇ ದನಿ ನಿಲ್ದಾಣಗಳ ಹೆಸರು ಹೇಳಿತು. ಬೋಗಿಯಲ್ಲಿ ಒಂದಿಬ್ಬರು ತಲೆಯೆತ್ತಿ ಮೇಲೆ ನೋಡಿದರು.

ಹೋದ ಸೋಮವಾರ ‘ಅಸುರು’ಗಳ ನಡುವೆ ಮುಳುಗಿ ವಿಜಯನಗರದಲ್ಲಿ ಇಳಿಯುವುದನ್ನೇ ಮರೆತೆ. ‘ಶ್ರೀ ಬಾಲಗಂಗಾಧರನಾಥ ಸ್ವಾಮೀಜಿ ನಿಲ್ದಾಣ, ಹೊಸಹಳ್ಳಿ’ ಎಂದಾಗ ಗಾಬರಿಯಾಗಿ ಎದ್ದೆ. ಧಕಾರ, ಥಕಾರ, ಎರಡು ಹಕಾರ, ಎಲ್ಲವೂ ಇರುವ ಹೆಸರು. ಇಳಿದು ಎದುರಿನ ಪ್ಲಾಟ್‌ಫಾರ್ಮಿಗೆ ಓಡಿದರೆ ಅಲ್ಲಿ ನಮ್ಮ ಯೂನಿಫಾರ್ಮಿನ ಹುಡುಗನೊಬ್ಬ, ಗೆಳೆಯರ ಮುಂದೆ ಅಪರ್ಣಾರ ಧಾಟಿಯಲ್ಲಿ ಅದೇ ಹೆಸರನ್ನು ಉದ್ದಕ್ಕೂ ಹೇಳುತ್ತಿದ್ದ. ಅಸುರು ಬರೆದವನೇ. ಒಂದೂ ತಪ್ಪಿಲ್ಲ. ನನ್ನನ್ನು ನೋಡಿ ಬಾಯಿ ಮುಚ್ಚಿಕೊಂಡ.

“ಇಲ್ಲೇನ್ ಮಿಸ್? ಬನ್ನಿ ಬನ್ನಿ, ಒತ್ತಾಯ್ತು.”

ಇಬ್ಬರೂ ಗೇಟು ಮುಟ್ಟುವಾಗ ಪ್ರಾರ್ಥನೆ ಮುಗಿದಿತ್ತು. ಸೋಮವಾರ ಲೇಟಾಗಿ ಬಂದವರನ್ನು ನಿಲ್ಲಿಸುವ ಡ್ಯೂಟಿ ನನ್ನದೇ. ನಾನಿಲ್ಲವೆಂದು ಪಿ.ಟಿ. ಸಾರ್ ನಿಂತಿದ್ದರು. ಅವರು ನನ್ನ ಮುಖ ನೋಡಲಿಲ್ಲ, ಅದು ಅವರ ದೊಡ್ಡತನ. ಲೇಟ್ ಬುಕ್ಕನ್ನು ಹುಡುಗನ ಮುಂದೆ ಹಿಡಿದರು. ಕಾರಣದ ಕಾಲಮ್ಮಿನಲ್ಲಿ ಅವನು ನಾಲಗೆ ಕಚ್ಚಿಕೊಂಡು ಬರೆದ: ‘ಕನ್ನಡ ಮಿಸ್ ಹೊಸಹಳ್ಳಿಯಲ್ಲಿ ಕಳೆದುಹೋಗಿದ್ದರು. ಹುಡುಕಿಕೊಂಡು ಬಂದೆ.’

ನಾಲ್ಕು ಹಕಾರ. ನಾಲ್ಕೂ ಇದ್ದವು. ಸಹಿ ಹಾಕಿದೆ.