ಅಂಗನವಾಡಿಗೆ ಎಐ ಬಂದಾಗಿದೆ, ಅಕ್ಕ

ಅಕ್ಕಾ, ಸ್ವಲ್ಪ ನಿಲ್ಲಿ, ಅಡಿಕೆ ಆಮೇಲೆ ಹೆಕ್ಕಿದರಾಯ್ತು. ಮೊಮ್ಮಗಳಿಗೆ ಮೂರು ತುಂಬಿತಲ್ಲ, ಬೆಂಗಳೂರಿನ ಮಗ ಎಂತದೋ ಎಐ ಆ್ಯಪ್ ಹಾಕಿ ಕೊಡ್ತಾನಂತೆ? ಕತೆಯೂ ಅದೇ ಹೇಳ್ತದೆ, ಅಕ್ಷರವೂ ಅದೇ ಕಲಿಸ್ತದೆ, ಅಂಗನವಾಡಿ ಯಾಕೆ ಅಂತ ಕೇಳಿದನಂತೆ?

ಈ ಎಐ ನಮ್ಮ ಅಂಗನವಾಡಿಗೆ ಬಂದಾಗಿದೆ ಅಕ್ಕ. ಕಲಿಸಲಿಕ್ಕಲ್ಲ, ಮುಖ ನೋಡಲಿಕ್ಕೆ. 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್ ಉಂಟಲ್ಲ, 2025ರ ಜುಲೈಯಿಂದ ಅದರಲ್ಲಿ ಪಡೆಯುವವರ ಮುಖ ಹೊಂದಿಕೆಯಾದರೆ ಮಾತ್ರ ಮನೆಗೆ ಕೊಂಡುಹೋಗುವ ಪೌಷ್ಟಿಕ ಆಹಾರ ಅಂತ ನಿಯಮ. ಅದಕ್ಕೆ ಸಿಗ್ನಲ್ ಬೇಡವೇ? ಸುಳ್ಯ, ಕಡಬದ ಕಾಡಂಚಿನಲ್ಲಿ ಗುಡ್ಡೆಯ ಈಚೆ ಸಿಕ್ಕಿದ್ದು ಆಚೆ ಇಲ್ಲ. ಟೀಚರು ಫೋನು ಎತ್ತಿ ಹಿಡಿದು ಅಂಗಳದಲ್ಲಿ ಅತ್ತಿತ್ತ ನಡೆಯುವಷ್ಟು ಹೊತ್ತು ಒಳಗೆ ಮಕ್ಕಳ ಕತೆ ಅರ್ಧಕ್ಕೇ ನಿಂತಿರುತ್ತದೆ.

ನನಗೆ ಹೊಟ್ಟೆ ಉರಿಯುವುದು ಇಲ್ಲಿಯೇ. ಅಷ್ಟು ಬುದ್ಧಿಯ ಯಂತ್ರ ಟೀಚರ ಬೆನ್ನಿನ ಹೊರೆ ಇಳಿಸಬೇಕಿತ್ತು. ತೂಕ, ಎತ್ತರ, ಹಾಜರಿ, ಸರ್ವೆ ಎಲ್ಲ ಅವರು ಬಾಯಲ್ಲಿ ಹೇಳಿದರೆ ಅದು ಬರೆದಿಟ್ಟುಕೊಳ್ಳಲಿ. ಮಗು ಎರಡು ತಿಂಗಳಿಂದ ತೂಕ ಏರಲಿಲ್ಲ ಅಂತ ನೆನಪಿಸಲಿ. ಆಗ ಟೀಚರ ಎರಡು ಕೈಯೂ ಮಕ್ಕಳಿಗೆ ಸಿಗ್ತದೆ.

ಆ ಕೈ ಎಂತ ಮಾಡ್ತದೆ ಅಂತ ಮೊನ್ನೆ ಕಣ್ಣಾರೆ ನೋಡಿದೆ. ಹೊಸದಾಗಿ ಬಂದ ಹುಡುಗ ಬಾಗಿಲು ಹಿಡಿದು ಒಂದೇ ಸಮ ಅಳುವುದು. ಮನೆಯಲ್ಲಿ ತಮಿಳು, 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಸಿಲೋನಿನಿಂದ ನಮ್ಮ ಕಡೆಯ ರಬ್ಬರು ತೋಟಗಳಿಗೆ ಬಂದರಲ್ಲ, ಅಂಥ ಮನೆಯದು. ಟೀಚರು ತಮಗೆ ಬರುವ ನಾಲ್ಕು ತಮಿಳು ಮಾತಿನಲ್ಲೇ ರಮಿಸಿ, ಮೂಗು ಒರೆಸಿ, ಅಡಿಕೆ ಹಾಳೆಯ ಮೇಲೆ ಕೂರಿಸಿದರು. ತುಳು ಮಾತಾಡುವ ಹುಡುಗಿ ಎದುರಿನಿಂದ ಎಳೆದಳು, ಬ್ಯಾರಿ ಹುಡುಗ ಹಿಂದಿನಿಂದ ದೂಡಿದ. ಎರಡು ಸುತ್ತು ಆಗುವಾಗ ಅಳು ನಿಂತು, ಸರದಿ ಬಿಟ್ಟುಕೊಡುವುದಿಲ್ಲ ಅಂತ ಜಗಳ ಶುರು! ಸರದಿ ಕಾಯುವುದು, ಕೇಳಿ ಪಡೆಯುವುದು, ಬಿದ್ದವನನ್ನು ಎಬ್ಬಿಸುವುದು – ಆ ವಯಸ್ಸಿನ ಪಾಠ ಅದೇ ಅಲ್ವಾ? ಫೋನಿನ ಜೊತೆ ಯಾವ ಸರದಿ? ಅದು ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತದೆ.

ಅರೆಭಾಷೆ, ಮಲಯಾಳ, ಕೊಂಕಣಿ, ಹವ್ಯಕ, ಎಲ್ಲ ಒಂದೇ ಚಾಪೆಯಲ್ಲಿ ಕೂತುಕೊಳ್ಳುವ ಊರು ನಮ್ಮದು. ಗೂಗಲ್ ಅನುವಾದಕ್ಕೆ ತುಳು ಸೇರಿದ್ದೇ 2024ರಲ್ಲಿ. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನರ ಮಾತು ಅದು, ಅದರ ಪಾಡೇ ಹೀಗಾದರೆ ಅರೆಭಾಷೆಯ ಮಗುವಿನ ತೊದಲು ಯಂತ್ರಕ್ಕೆ ತಿಳಿಯುವುದು ಯಾವಾಗ?

‘ಹಾಗಾದರೆ ಮಗನಿಗೆ ಎಂತ ಹೇಳುವುದು ಮಾರಾಯ್ತಿ?’ ಅಂತೀರಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ ಅಂತ ಹೇಳಿ: ಮೂರು–ನಾಲ್ಕು ವರ್ಷದ ಮಕ್ಕಳು ಕೂತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ಪುತ್ತೂರಿನ ಕಾರಂತಜ್ಜನನ್ನೂ ನೆನಪಿಸಿ. ಮಕ್ಕಳ ಪ್ರಶ್ನೆಗೆ ಉತ್ತರ ಬೇಕೆಂದು ಮೂರು ಸಂಪುಟದ ‘ಬಾಲ ಪ್ರಪಂಚ’ ಬರೆದವರು ಅವರು. ಆದರೆ ಪುಸ್ತಕ ಕೊಟ್ಟು ಸುಮ್ಮನಾಗಲಿಲ್ಲ, ಪರ್ಲಡ್ಕದಲ್ಲಿ ಬಾಲವನವನ್ನೂ ಕಟ್ಟಿದರು. ಉತ್ತರವೂ ಬೇಕು, ಆಡುವ ಜಾಗವೂ ಬೇಕು.

ಆ್ಯಪ್ ಬೇಕಾದರೆ ನಿಮ್ಮ ಫೋನಿಗೆ ಹಾಕಿಸಿಕೊಳ್ಳಿ. ಮಿಂಚುಹುಳ ಯಾಕೆ ಮಿನುಗ್ತದೆ ಅಂತ ಮೊಮ್ಮಗಳು ಕೇಳಿದಾಗ ಗೊತ್ತಿಲ್ಲದಿದ್ದರೆ ಅದರಲ್ಲಿ ನೋಡಿ, ಸರಿಯೋ ಅಂತ ಟೀಚರ ಹತ್ತಿರವೂ ಕೇಳಿ, ಮತ್ತೆ ನಿಮ್ಮ ಬಾಯಲ್ಲೇ ಹೇಳಿ. ಮಗು ಮಾತ್ರ ಅಂಗನವಾಡಿಗೆ ಹೋಗಲಿ. ಮತ್ತೆ ಈ ಸಲದ ಬಾಲವಿಕಾಸ ಸಮಿತಿ ಸಭೆಗೆ ತಪ್ಪದೆ ಬನ್ನಿ ಅಕ್ಕ. ಟೀಚರ ಬರವಣಿಗೆ ಕೆಲಸ ಕಡಿಮೆ ಮಾಡಿ, ಸಿಗ್ನಲ್ ಇಲ್ಲದ ಕಡೆ ಮುಖ ನೋಡದೆ ಆಹಾರ ಕೊಡಿ ಅಂತ ಅರ್ಜಿ ಬರೆಯುವ, ನಿಮ್ಮ ರುಜುವೂ ಬೇಕು.